ಪ್ಲಾಸ್ಟಿಕ್ ಏರಿ ಹೊರಟ ರೋಗಾಣು

ನೀರಿಗೆ ಬಿದ್ದ ಪ್ಲಾಸ್ಟಿಕ್ಕಿಗೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳತೊಡಗುತ್ತವೆ. ದಿನ ಕಳೆದಂತೆ ಅಲ್ಲಿ ಲೋಳೆ ಕಟ್ಟುತ್ತದೆ. ಕೆರೆಯಂಚಿನಲ್ಲಿ ಬಹಳ ದಿನ ಬಿದ್ದಿದ್ದ ಬಾಟಲಿ ಎತ್ತಿದರೆ ಬೆರಳಿಗೆ ಜಾರುವುದು ಇದೇ. ಲೋಳೆಯೊಳಗೆ ಸೇರಿಕೊಂಡ ಜೀವಿಗಳಿಗೆ ಬಿಸಿಲಾಗಲಿ ಕ್ಲೋರಿನ್ ಆಗಲಿ ಸುಲಭಕ್ಕೆ ತಟ್ಟುವುದಿಲ್ಲ. ಎಲೆ, ಕಡ್ಡಿಗಳ ಮೇಲೂ ಲೋಳೆ ಕಟ್ಟುತ್ತದೆ ನಿಜ. ಆದರೆ ಅವು ಬೇಗ ಕೊಳೆಯುತ್ತವೆ, ಹಲವು ಬಗೆಯ ಪ್ಲಾಸ್ಟಿಕ್ ಬಹುಕಾಲ ತೇಲುತ್ತಿರುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಹೆಕ್ಕಿದ ಚೂರುಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು 2013ರಲ್ಲಿ ಈ ಜೀವಲೋಕಕ್ಕೆ ‘ಪ್ಲಾಸ್ಟಿಸ್ಫಿಯರ್’ ಎಂದು ಹೆಸರಿಟ್ಟರು. ಒಂದು ಚೂರಿನ ಮೇಲಂತೂ ವಿಬ್ರಿಯೊ ಕುಲದ ಬ್ಯಾಕ್ಟೀರಿಯಾಗಳದ್ದೇ ದಂಡು. ಕಾಲರಾ ರೋಗಾಣು ಇದೇ ಕುಲದ್ದು, ಆದರೆ ಕುಲದವೆಲ್ಲ ರೋಗ ತರುವುದಿಲ್ಲ.

ಮಂಡ್ಯ ಜಿಲ್ಲೆಗೆ ಸಮುದ್ರ ದೂರ. ಆದರೂ ಕೆ.ಆರ್.ಪೇಟೆ ಕಡೆಯ ಹೇಮಾವತಿ ಕನ್ನಂಬಾಡಿಯ (ಕೆಆರ್‌ಎಸ್) ಹಿನ್ನೀರು ಸೇರುತ್ತದೆ. ನಾಗಮಂಗಲ, ಪಾಂಡವಪುರದ ನೀರು ಹೊತ್ತ ಲೋಕಪಾವನಿ ಕರಿಘಟ್ಟದ ಬುಡದಲ್ಲಿ ಹರಿದು ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯೋ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ. ಊರ ಚರಂಡಿಯಲ್ಲಿ ಮಲದ ರೋಗಾಣು ಮತ್ತು ಪ್ಲಾಸ್ಟಿಕ್ ಕವರ್ ಜೊತೆಯಾಗುತ್ತವೆ. ಪಯಣ ಅಲ್ಲಿಂದ ಶುರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಕೆಆರ್‌ಎಸ್ ಬಳಿ ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರನ್ನು ಸಂಗ್ರಹಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಧಾನ ಹಾಗೂ ನಿಂತ ನೀರಿನಲ್ಲಿ ಇ-ಕೋಲಿ ಬ್ಯಾಕ್ಟೀರಿಯಾವೂ ಇತ್ತು, ಮೈಕ್ರೋಪ್ಲಾಸ್ಟಿಕ್ಕೂ ಇತ್ತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ಆ ನೀರಿನಲ್ಲಿ ಬೆಳೆದ ಜೀಬ್ರಾಮೀನಿನ ಮರಿಗಳಿಗೆ ಮೂಳೆ ಸೊಟ್ಟಗಾಯಿತು, ಹೃದಯಕ್ಕೆ ಪೆಟ್ಟುಬಿತ್ತು. ರೋಗಾಣುವಿಲ್ಲದೆಯೂ ಇಷ್ಟು ಹಾನಿ ಎಂದಮೇಲೆ, ರೋಗಾಣು, ಪ್ಲಾಸ್ಟಿಕ್ ಎರಡೂ ಸೇರಿದ ನೀರನ್ನು ಬರೀ ಕಸದ ಸಮಸ್ಯೆ ಎನ್ನುವುದು ತಪ್ಪು. ಲೋಳೆಯೊಳಗೆ ಒತ್ತೊತ್ತಾಗಿ ಬದುಕುವ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ಗುಣದ ವಂಶವಾಹಿಗಳನ್ನು ಪರಸ್ಪರ ದಾಟಿಸಿಕೊಳ್ಳುವುದು ಇನ್ನೊಂದು ಅಪಾಯ. ಇನ್ನು ಕಡಲಿನ ಮಾತು: ಏಷ್ಯಾ-ಪೆಸಿಫಿಕ್ ಹವಳದ ದಿಬ್ಬಗಳ ಅಧ್ಯಯನವೊಂದರ ಪ್ರಕಾರ (2018), ಪ್ಲಾಸ್ಟಿಕ್ ತಾಗಿದ ಹವಳಕ್ಕೆ ರೋಗ ತಗಲುವ ಸಂಭವ ಶೇ 4ರಿಂದ ಶೇ 89ಕ್ಕೆ ಏರುತ್ತದೆ.

ಶ್ರೀರಂಗಪಟ್ಟಣದ ಬಳಿ ಕಾವೇರಿ ದಡದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಕುಂಕುಮದ ಪ್ಯಾಕೆಟ್ಟು, ಶಾಂಪೂ ಸ್ಯಾಷೆ, ಪಾಲಿಯೆಸ್ಟರ್ ಬಟ್ಟೆಯನ್ನೂ ನೀರಿಗೇ ಬಿಡುತ್ತಾರೆ. ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ. ಅಲ್ಲೇ ಪಕ್ಕದಲ್ಲಿ ಮತ್ತೊಬ್ಬರು ಮುಳುಗು ಹಾಕುತ್ತಾರೆ.

ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧ. ಕಾನೂನಿಗೆ ಬರವಿಲ್ಲ, ಬೇಕಿರುವುದು ಕೆಲಸ. ಚರಂಡಿ ಹೊಳೆ ಸೇರುವ ಬಾಯಿಗೆ ಜಾಲರಿ ಹಾಕಿಸಿ, ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಒಣಗಿರುವಾಗಲೇ ಅದರಲ್ಲಿನ ಪ್ಲಾಸ್ಟಿಕ್ ಎತ್ತಿಸುವ ಕೆಲಸ ಸ್ಥಳೀಯ ಸಂಸ್ಥೆಗಳದ್ದು, ನೀರಾವರಿ ಇಲಾಖೆಯದ್ದು. ನೀರು ಬಿಟ್ಟ ಮೇಲೆ ಆ ಪ್ಲಾಸ್ಟಿಕ್ ಯಾರ ಕೈಗೂ ಸಿಗುವುದಿಲ್ಲ.