ಸಾರೋಟಿನ ಬಾಡಿಗೆ ಯಾರದು?

ಕಚೇರಿಯಲ್ಲಿ ಬಡ್ತಿ ಬಂದ ದಿನ ಮನೆಯಲ್ಲಿ ಪಾಯಸವಾಗುತ್ತದೆ. ಮೂರು ತಿಂಗಳು ಕಳೆಯುವುದರೊಳಗೆ ಆ ಬಡ್ತಿಯೇ ನಿದ್ರೆ ಕೆಡಿಸುವುದೂ ಉಂಟು. ನಿನ್ನೆಯವರೆಗೆ ಜೊತೆಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದವರಿಗೆ ಇಂದು ಕೆಲಸ ಹಂಚಬೇಕು; ತಪ್ಪಿದಾಗ ತಿದ್ದಬೇಕು; ಅವರ ಪರವಾಗಿ ಮೇಲಿನವರೆದುರು ನಿಂತು ಉತ್ತರ ಹೇಳಬೇಕು. ಲೆಕ್ಕಪತ್ರದಲ್ಲಿ ನಿಷ್ಣಾತಳಾದ ಹೆಣ್ಣುಮಗಳೊಬ್ಬಳು ಮನುಷ್ಯರನ್ನು ನಡೆಸುವ ವಿದ್ಯೆಯಲ್ಲಿ ತಡವರಿಸಿದರೆ ಅದು ಆಕೆಯ ಅಪರಾಧವಲ್ಲ. ಇಂಥವರೊಡನೆ ಏಕಾಂತದಲ್ಲಿ ಕುಳಿತು, ಪ್ರಶ್ನೆ ಕೇಳಿ, ಅವರ ದಾರಿಯನ್ನು ಅವರೇ ಕಂಡುಕೊಳ್ಳುವಂತೆ ಮಾಡುವ ‘ಕೋಚ್’ ಎಂಬ ಮಾರ್ಗದರ್ಶಕರು ಈಗ ನಗರಗಳಲ್ಲಿದ್ದಾರೆ. ಆದರೆ ಅವರ ಶುಲ್ಕವನ್ನು ಕೇಳಿದೊಡನೆ ಹಾಲಿನವನ ಲೆಕ್ಕ, ಮಕ್ಕಳ ಶಾಲೆಯ ಲೆಕ್ಕ ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ಸಂಸ್ಥೆಯನ್ನೇ ಕೇಳಿದರೆ ಹೇಗೆ? ಮನೆಯ ಹಿರಿಯರು ಬೇಡವೆನ್ನುತ್ತಾರೆ. ಸಂಬಳ ಕೊಡುವವರೇ ಕಲಿಕೆಯ ಖರ್ಚನ್ನೂ ಕೊಡಬೇಕೆಂದರೆ ಅದು ಅತಿಯಾಸೆ ಎಂಬುದು ಅವರ ಮತ.

ಆ ಸಂಕೋಚ ಗೌರವಕ್ಕೆ ಅರ್ಹವಾದದ್ದೇ. ಆದರೆ ಅದಕ್ಕೆ ಆಧಾರ ಸಾಲದು. 1956ರಲ್ಲಿ ಹೈದರಾಬಾದಿನಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಸ್ಥಾಪಿತವಾದದ್ದೇ ಕಂಪನಿಗಳೂ ಸರ್ಕಾರವೂ ತಮ್ಮ ಅಧಿಕಾರಿಗಳನ್ನು ಕಳುಹಿಸಿ ಆಡಳಿತವನ್ನು ಕಲಿಸಲೆಂದು. ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳು ಐದು ವರ್ಷ ಸೇವೆ ಸಲ್ಲಿಸಿದ ನೌಕರನಿಗೆ ಅಧ್ಯಯನ ರಜೆಯ ಅವಕಾಶವನ್ನಿತ್ತಿವೆ. ಬ್ಯಾಂಕುಗಳಲ್ಲಿ ವೃತ್ತಿಪರೀಕ್ಷೆ ಮುಗಿಸಿದವರಿಗೆ ಹೆಚ್ಚಿನ ಇನ್‌ಕ್ರಿಮೆಂಟು ಕೊಡುವ ಪದ್ಧತಿ ಬಹಳ ಹಳೆಯದು. ಕಲಿತವನಿಂದ ತನಗೆ ಲಾಭವೆಂದು ಕಂಡಲ್ಲಿ ಯಜಮಾನ ಹಣ ಬಿಚ್ಚಿದ್ದಾನೆ. ಇದರಲ್ಲಿ ದಾನದ ಮಾತಿಲ್ಲ.

‘ಕೋಚ್’ ಎಂಬ ಹೆಸರಿನ ಕಥೆಯೂ ಸ್ವಾರಸ್ಯವಾದದ್ದು. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಸಾರೋಟಿಗೆ ಆ ಊರಿನ ಹೆಸರೇ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಹೊತ್ತೊಯ್ಯುವ ಮನೆಪಾಠದ ಮೇಷ್ಟರನ್ನು ವಿನೋದಕ್ಕೆ ಹಾಗೆ ಕರೆದರು. ಅಲ್ಲಿಂದ ಅದು ಆಟದ ಮೈದಾನಕ್ಕೆ ಬಂದು, ಈಗ ಕಚೇರಿಯ ಮೆಟ್ಟಿಲನ್ನೂ ಹತ್ತಿದೆ. ಸಾರೋಟೆಂದ ಮೇಲೆ ಬಾಡಿಗೆಯ ಪ್ರಶ್ನೆ ತಪ್ಪಿದ್ದಲ್ಲ.

ಬಾಡಿಗೆ ಕೇಳುವುದಕ್ಕೂ ಒಂದು ಕ್ರಮವುಂಟು. ಅರ್ಜಿಯ ಮೊದಲ ಸಾಲಿನಲ್ಲಿ ‘ನನ್ನ ಏಳಿಗೆಗಾಗಿ’ ಎಂದು ಬರೆದರೆ ಮೇಲಧಿಕಾರಿಯ ಕಣ್ಣು ಎರಡನೆಯ ಸಾಲಿಗೆ ಇಳಿಯುವುದಿಲ್ಲ. ವಿಭಾಗದಲ್ಲಿ ತಿಂಗಳ ವರದಿ ತಡವಾಗುತ್ತಿದೆ, ಒಳ್ಳೆಯ ಇಬ್ಬರು ನೌಕರರು ಬಿಟ್ಟು ಹೋದರು, ಈ ತೊಡಕನ್ನು ಬಿಡಿಸಲು ಇಂಥ ನೆರವು ಬೇಕು ಎಂದು ಬರೆದರೆ ಅದು ಸಂಸ್ಥೆಯ ಸಮಸ್ಯೆಯಾಗುತ್ತದೆ. ಎಷ್ಟು ಬೈಠಕ್ಕು, ಒಟ್ಟು ಎಷ್ಟು ಹಣ, ಕಚೇರಿಯ ವೇಳೆಯಲ್ಲೋ ಆಚೆಗೋ, ಆರು ತಿಂಗಳ ತರುವಾಯ ಯಾವುದನ್ನು ನೋಡಿ ಫಲ ಸಿಕ್ಕಿತೆಂದು ತಿಳಿಯಬೇಕು, ಇವಿಷ್ಟೂ ಒಂದೇ ಹಾಳೆಯಲ್ಲಿರಬೇಕು. ಏಪ್ರಿಲಿನಲ್ಲಿ ವರ್ಷ ಆರಂಭಿಸುವ ಸಂಸ್ಥೆಯಲ್ಲಿ ಜನವರಿ ಫೆಬ್ರವರಿಯಲ್ಲೇ ಮಾತು ತೆಗೆಯುವುದು ಲೇಸು. ಆಯವ್ಯಯ ಮುಗಿದ ಮೇಲೆ ಕೊಡುವ ಮನಸ್ಸಿದ್ದವರ ಕೈಯೂ ಕಟ್ಟಿರುತ್ತದೆ. ನೇರ ಮೇಲಧಿಕಾರಿಯನ್ನು ದಾಟಿ ಸಿಬ್ಬಂದಿ ಶಾಖೆಗೆ ಅರ್ಜಿ ಹಾಕುವುದಂತೂ ಬರಲಿರುವ ಹಣಕ್ಕೆ ಕಲ್ಲು ಹಾಕಿದಂತೆ. ಪೂರ್ತಿ ಸಿಗದಿದ್ದರೆ ಅರ್ಧ, ಅದೂ ಇಲ್ಲದಿದ್ದರೆ ವಾರಕ್ಕೊಂದು ಗಂಟೆಯ ಬಿಡುವನ್ನಾದರೂ ಕೇಳಬಹುದು. ಬೇರೆ ಕೆಲಸಕ್ಕೆ ಹಾರುವ ಸಿದ್ಧತೆಗೆ ಈಗಿನ ಯಜಮಾನನ ಹಣ ಕೇಳುವುದು ಮಾತ್ರ ನ್ಯಾಯವಲ್ಲ. ಅದಕ್ಕೆ ಸ್ವಂತ ಕೈಚೀಲವನ್ನೇ ಬಿಚ್ಚಬೇಕು.

ಒಪ್ಪಿಗೆ ಬಂದಾಗ ಅದರ ಬೆನ್ನಿಗೆ ಕರಾರೊಂದು ಬರುವುದುಂಟು. ಇಷ್ಟು ವರ್ಷ ಬಿಡಕೂಡದು, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂದು. ಅಧ್ಯಯನ ರಜೆ ಪಡೆದ ಕೇಂದ್ರ ನೌಕರನೂ ಹಿಂದಿರುಗಿ ಮೂರು ವರ್ಷ ದುಡಿಯುವೆನೆಂದು ಬರೆದುಕೊಡಬೇಕು. ಇಂಥ ಕಾಗದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ಹಗುರವಾಗಿ ನುಡಿಯುವ ಸ್ನೇಹಿತರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಮೊಕದ್ದಮೆಯನ್ನು ಅವರು ಗಮನಿಸಬೇಕು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತಿಗೆ ಒಪ್ಪಿ 2007ರಲ್ಲಿ ಅಧಿಕಾರಿಯಾಗಿ ಸೇರಿದವರೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಹಣವನ್ನು ಕಟ್ಟಿ, ಬಳಿಕ ವ್ಯಾಜ್ಯ ಹೂಡಿದರು. ಕರ್ನಾಟಕದ ಉಚ್ಚ ನ್ಯಾಯಾಲಯ ಅವರ ಪರವಾಗಿತ್ತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಷರತ್ತು ಸಿಂಧುವೆಂದಿತು. ಅಲ್ಲಿ ಪ್ರಶ್ನೆಯಿದ್ದದ್ದು ನೇಮಕದ ಖರ್ಚಿನದು, ತರಬೇತಿಯದಲ್ಲ, ನಿಜ. ಆದರೂ ರುಜು ಹಾಕುವ ಕೈ ಒಮ್ಮೆ ತಡೆಯಲು ಅಷ್ಟು ಸಾಕು. ಕರಾರು ಕಾಯಿದೆಯ 74ನೆಯ ಕಲಮು ನ್ಯಾಯವಾದ ಪರಿಹಾರಕ್ಕಷ್ಟೇ ಅವಕಾಶ ಕೊಡುತ್ತದೆಂಬ ಸಮಾಧಾನವುಂಟು. ಅದನ್ನು ಸಾಧಿಸಲು ವಕೀಲರ ಮನೆಗೆ ಅಲೆಯಬೇಕು. ಶುಲ್ಕಕ್ಕೆ ಮೀರದ ಮೊತ್ತ, ಕಳೆದ ತಿಂಗಳುಗಳಿಗೆ ತಕ್ಕಂತೆ ಅದು ಇಳಿಯುವ ಏರ್ಪಾಡು, ಇವೆರಡನ್ನು ಮೊದಲೇ ಕೇಳಿ ಬರೆಸಿಕೊಳ್ಳುವುದು ಸುಲಭ.

ಹಣಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಬಾಗಿಲು ಹಾಕಿಕೊಂಡು ಆಡಿದ ಮಾತು ಯಾರಿಗೆ ಸೇರಿದ್ದು? ಮೇಲಧಿಕಾರಿಯ ಮೇಲಿನ ಅಸಮಾಧಾನ, ಮನೆಯ ಕಷ್ಟ, ಕೆಲಸ ಬಿಡಬೇಕೆನಿಸಿದ ಗಳಿಗೆ, ಇವೆಲ್ಲ ಅಲ್ಲಿ ಹೊರಬರುತ್ತವೆ. ಶುಲ್ಕ ತೆತ್ತವರು ಒಂದು ದಿನ ‘ಹೇಗಿದ್ದಾರೆ ಅವರು?’ ಎಂದು ಮಾರ್ಗದರ್ಶಕರನ್ನು ಕೇಳದೆ ಇರುತ್ತಾರೆಯೆ? 1995ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ನಿನ ನೀತಿಸಂಹಿತೆ ಹಣ ಕೊಡುವವರನ್ನೂ ಕಲಿಯುವವರನ್ನೂ ಬೇರೆಬೇರೆಯೆಂದೇ ಎಣಿಸುತ್ತದೆ. ಯಾವ ವಿಷಯ ಯಾರಿಗೆ ತಿಳಿಯಬೇಕೆಂಬುದು ಇಬ್ಬರಿಗೂ ಮೊದಲೇ ಸ್ಪಷ್ಟವಾಗಿರಬೇಕೆಂದು ವಿಧಿಸುತ್ತದೆ. ಆದುದರಿಂದ ಬಡ್ತಿ ಪಡೆದ ಆ ಹೆಣ್ಣುಮಗಳು ಮೊದಲ ಬೈಠಕ್ಕಿಗೆ ಮುನ್ನವೇ ಮೇಲಧಿಕಾರಿಯನ್ನೂ ಮಾರ್ಗದರ್ಶಕರನ್ನೂ ಒಟ್ಟಿಗೆ ಕೂರಿಸಿ, ಎಷ್ಟು ಬೈಠಕ್ಕು ನಡೆಯಿತೆಂಬ ಲೆಕ್ಕವೂ ಒಪ್ಪಿಕೊಂಡ ಗುರಿಗಳೂ ಮಾತ್ರ ಸಂಸ್ಥೆಗೆ ತಿಳಿಯಬೇಕು, ಮಿಕ್ಕಿದ್ದು ಹೊರಗೆ ಬರಕೂಡದು ಎಂದು ಕೇಳಬೇಕು. ಸಭ್ಯರಾದ ಮೇಲಧಿಕಾರಿಗಳು ಇದಕ್ಕೆ ಮುನಿಯುವುದಿಲ್ಲ. ಮುನಿದರೆ, ಶುಲ್ಕವನ್ನು ಕಂತಿನಲ್ಲಿ ತಾನೇ ಕಟ್ಟಲು ಸಾಧ್ಯವೇ ಎಂದು ಆಕೆ ಅಂದು ಸಂಜೆ ಮನೆಯಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿ ನೋಡಬಹುದು.