ಆರೈಕೆ ನಮ್ಮದು, ಸಹಿ ಯಾರದು?

ವರದಕ್ಷಿಣೆ, ಹೊಡೆತ, ಕುಡಿತ ಇವುಗಳ ಬಗ್ಗೆ ಸಂಘದ ಸಭೆಗಳಲ್ಲಿ ನಾವು ಈಗ ಬಾಯಿಬಿಟ್ಟು ಮಾತಾಡುತ್ತೇವೆ. ಆದರೆ ಉಳಿತಾಯದ ಲೆಕ್ಕ ಬರೆದು ಮುಗಿಸಿ ಎಲ್ಲರೂ ಎದ್ದ ಮೇಲೆ, ಹಿಂದೆ ಉಳಿದವರು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ. ಹಲವು ಊರುಗಳಲ್ಲಿ ಅದನ್ನು ನಾನು ಕೇಳಿಸಿಕೊಂಡಿದ್ದೇನೆ. "ಅಕ್ಕಾ, ನಾನು ಕಣ್ಣು ಮುಚ್ಚಿದ ಮೇಲೆ ಇವಳ ಗತಿ ಏನು?" ಇವಳು ಎಂದರೆ ಬುದ್ಧಿ ಬೆಳೆದಿಲ್ಲವೆಂದು ಊರು ಹೇಳುವ, ಇಪ್ಪತ್ತೈದು ದಾಟಿದ ಮಗಳು. ಇಲ್ಲವೇ ಮನಸ್ಸಿನ ಕಾಯಿಲೆ ಬಂತೆಂದು ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋದ ತಂಗಿ. ಕೆಲವೊಮ್ಮೆ ಪ್ರಶ್ನೆ ಗಂಡನದು: ಅಪಘಾತದಲ್ಲಿ ಪ್ರಜ್ಞೆ ತಪ್ಪಿ, ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರುವ ಗಂಡ.

ವರದಕ್ಷಿಣೆ, ಹಿಂಸೆಗಳ ವಿರುದ್ಧದ ಪತ್ರಿಕೆಯಲ್ಲಿ ಈ ವಿಷಯ ಏಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ಉಣಿಸುವವಳು, ತೊಳೆಯುವವಳು, ರಾತ್ರಿ ಎದ್ದು ಮಗ್ಗುಲು ಬದಲಿಸುವವಳು ಹೆಣ್ಣು. ಆದರೆ ಬ್ಯಾಂಕಿನ ಕಾಗದ, ಜಮೀನಿನ ಪತ್ರ, ಆಸ್ಪತ್ರೆಯ ಒಪ್ಪಿಗೆ ಎಂದು ಬಂದ ಕೂಡಲೇ ಭಾವನನ್ನೋ ಅಣ್ಣನನ್ನೋ ಕರೆಸುತ್ತಾರೆ. ಆರೈಕೆ ನಮ್ಮದು, ಅಧಿಕಾರ ಅವರದು. ಹಿಂಸೆ ಹುಟ್ಟುವ ಜಾಗ ಇದೇ ಅಲ್ಲವೇ?

ಮೊದಲು ಒಂದು ವಿಷಯ ತಿಳಿದಿರಲಿ. ಮಗು ಎಷ್ಟೇ ಅಸಹಾಯಕವಾಗಿದ್ದರೂ 18 ವರ್ಷ ತುಂಬಿದ ದಿನ ಕಾನೂನಿನ ಕಣ್ಣಿಗೆ ಅದು ವಯಸ್ಕ. ಹೆತ್ತವರು ಅಲ್ಲಿಯವರೆಗೆ ಸಹಜ ಪೋಷಕರು. ಅದರ ನಂತರ ತಾನಾಗಿಯೇ ಪೋಷಕರಲ್ಲ. "ನಾನು ಹೆತ್ತ ತಾಯಿ, ನನ್ನ ಸಹಿ ಏಕೆ ನಡೆಯುವುದಿಲ್ಲ?" ಎಂದು ಬ್ಯಾಂಕಿನ ಕಿಟಕಿಯ ಮುಂದೆ ಕಣ್ಣೀರು ಹಾಕುವವರಿದ್ದಾರೆ. ಇಲ್ಲಿ ಕಣ್ಣೀರಿಗಿಂತ ಒಂದು ಅರ್ಜಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ, ಈ ನಾಲ್ಕರಲ್ಲಿ ಯಾವುದಾದರೂ ಇರುವ ವಯಸ್ಕರಿಗೆ ಪೋಷಕರನ್ನು ನೇಮಿಸಲು ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಅಂಗವಿಕಲರೊಬ್ಬರು ಅದರಲ್ಲಿರುತ್ತಾರೆ. ತಾಯಿಯೇ ಅರ್ಜಿ ಹಾಕಬಹುದು, ತನ್ನ ಹೆಸರನ್ನೇ ಸೂಚಿಸಬಹುದು. ಇದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಈ ವ್ಯಕ್ತಿಗೆ ಪೋಷಕರು ನಿಜವಾಗಿ ಬೇಕೇ, ಬೇಕಾದರೆ ಯಾವ ಕೆಲಸಗಳಿಗೆ ಎಂಬುದನ್ನು ಸಮಿತಿ ನೋಡಬೇಕು.

ಇಲ್ಲಿ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಎರಡು ಮಾತುಗಳಿವೆ. ಪೋಷಕರಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಪಾಸ್ತಿಯ ಪಟ್ಟಿಯನ್ನು ಸಮಿತಿಗೆ ಕೊಡಬೇಕು, ಆಮೇಲೆ ಪ್ರತಿ ವರ್ಷವೂ ಲೆಕ್ಕ ಒಪ್ಪಿಸಬೇಕು. ಪೋಷಕರೇ ಹಿಂಸಿಸಿದರೆ, ಕಡೆಗಣಿಸಿದರೆ, ಆಸ್ತಿ ನುಂಗಿದರೆ, ಅವರನ್ನು ತೆಗೆದುಹಾಕುವಂತೆ ತಂದೆತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಯನ್ನು ಕೇಳಬಹುದು. ವಾರಕ್ಕೆ ಇಷ್ಟು ಎಂದು ಉಳಿಸಿ ಪೈಸೆಪೈಸೆಗೂ ಲೆಕ್ಕ ಇಡುವ ನಮಗೆ ಇದು ಹೊಸದೇನಲ್ಲ. ಲೆಕ್ಕ ಕೇಳುವವರು ಇಲ್ಲದ ಕಡೆ ಕೈ ಉದ್ದವಾಗುತ್ತದೆ ಎಂಬುದು ನಮಗೆ ಗೊತ್ತೇ ಇದೆ.

ಈ ಕಾಯ್ದೆ ಗೊತ್ತಿಲ್ಲದ ಕಡೆ ಏನಾಗುತ್ತಿದೆ? ಮಗಳಿಗೆ ಮದುವೆ ಮಾಡುತ್ತಾರೆ. "ಒಂದು ಗಂಟು ಬಿದ್ದರೆ ಸರಿಹೋಗುತ್ತಾಳೆ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಹುಡುಗನ ಕಡೆಯವರಿಗೆ ವಿಷಯ ಗೊತ್ತಿದ್ದರೆ ಎರಡು ಪಟ್ಟು ಹಣ, ಜೊತೆಗೆ ಒಂದಿಷ್ಟು ಜಮೀನು. ಗೊತ್ತಿಲ್ಲದಿದ್ದರೆ ಗೊತ್ತಾದ ದಿನದಿಂದ ಹೊಡೆತ. ಯಾವುದಕ್ಕೂ ಆ ಹುಡುಗಿಯ ಒಪ್ಪಿಗೆ ಕೇಳಿದವರಿಲ್ಲ. ಗಂಡ ಎಂದರೆ ಪೋಷಕ ಎಂದು ನಂಬಿ, ವರದಕ್ಷಿಣೆ ಕೊಟ್ಟು ಪೋಷಕನನ್ನು ಖರೀದಿಸಲು ಹೊರಟ ಹೆತ್ತವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತಾಳಿ ಪೋಷಕತ್ವದ ಪತ್ರವಲ್ಲ. ಲೆಕ್ಕ ಒಪ್ಪಿಸಬೇಕಾಗಿಲ್ಲದ, ಯಾರೂ ತೆಗೆದುಹಾಕಲಾಗದ ಪೋಷಕನ ಕೈಗೆ ಬಾಯಿಲ್ಲದ ಮಗಳನ್ನು ಒಪ್ಪಿಸುವುದು ಎಂಥ ಭದ್ರತೆ?

ಇನ್ನು ಮನಸ್ಸಿನ ಕಾಯಿಲೆಯ ಮಾತು. ಇದಕ್ಕೆ ಬೇರೆ ಕಾನೂನು. 1912ರ ಹಳೆಯ ಕಾಯ್ದೆಯ ಹೆಸರಿನಲ್ಲೇ ಹುಚ್ಚು ಎಂಬ ಮುದ್ರೆ ಇತ್ತು. ಅದರ ಜಾಗಕ್ಕೆ 1987ರಲ್ಲಿ ಒಂದು ಕಾಯ್ದೆ, ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಈಗಿನ ಕಾಯ್ದೆ ನಮಗೆ ಒಂದು ದೊಡ್ಡ ಹಕ್ಕು ಕೊಟ್ಟಿದೆ. ಚಿಕಿತ್ಸೆಯ ವಿಷಯದಲ್ಲಿ ನಮ್ಮ ಪರವಾಗಿ ನಿಲ್ಲುವವರು ಯಾರು ಎಂದು ನಾವೇ ಹೆಸರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು; ಹೆಸರಿಸಿದವರ ಒಪ್ಪಿಗೆಯೂ ಬರಹದಲ್ಲಿರಬೇಕು. ಅದು ಗಂಡನೇ ಆಗಬೇಕೆಂದಿಲ್ಲ. ಅಕ್ಕ ಆಗಬಹುದು, ಸಂಘದ ಗೆಳತಿಯೂ ಆಗಬಹುದು. ನಾವು ಹೆಸರಿಸದೆ ಬಿಟ್ಟರೆ ಆ ಪಾಳಿ ಮೊದಲು ಹೋಗುವುದು ಸಂಬಂಧಿಕರಿಗೆ.

ಇದು ಏಕೆ ಮುಖ್ಯ? ಏಕೆಂದರೆ "ಇವಳಿಗೆ ಹುಚ್ಚು" ಎಂಬ ಮಾತು ಹೆಂಡತಿಯನ್ನು ಹೊರಹಾಕಲು ಬಳಸುವ ಹಳೆಯ ಆಯುಧ. ಹೊಡೆತ ತಿಂದು ನಿದ್ದೆಗೆಟ್ಟವಳು ಅತ್ತರೆ ಹುಚ್ಚು, ಕಿರುಚಿದರೆ ಹುಚ್ಚು, ತವರಿನಿಂದ ಹಣ ತರುವುದಿಲ್ಲ ಎಂದರೂ ಹುಚ್ಚು. ಒಂದು ಚೀಟಿ ಬರೆಸಿಕೊಂಡು ಆಸ್ಪತ್ರೆಗೆ ಸೇರಿಸಿ, ಅದೇ ಚೀಟಿಯನ್ನು ವಿಚ್ಛೇದನದ ಅರ್ಜಿಗೆ ಲಗತ್ತಿಸುತ್ತಾರೆ. ಗೆಳತಿಯರೇ, ಇದನ್ನು ನೆನಪಿಡಿ: ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ಅಸ್ವಸ್ಥ ಚಿತ್ತರಾಗುವುದಿಲ್ಲ, ಹಾಗೆಂದು ಘೋಷಿಸಬೇಕಾದುದು ಕೋರ್ಟು. ಅಂಥ ಚೀಟಿಯನ್ನು ಕೋರ್ಟಿನಲ್ಲಿ ನೀವು ಪ್ರಶ್ನಿಸಿದರೆ ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪರಿಶೀಲನೆಗೆ ಕಳಿಸಬೇಕು. ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿರುವ ಹೆಣ್ಣನ್ನು ಬೇರೆಯವರು ಸೇರಿಸಿದ್ದರೆ ಆಸ್ಪತ್ರೆಯವರು 3 ದಿನದೊಳಗೆ ಆ ಮಂಡಳಿಗೆ ತಿಳಿಸಬೇಕು. ಮನೆಯವರು ಹೊರಹಾಕಿದರೆ, ಮನೆಯಲ್ಲಿ ಬದುಕುವ ಅವಳ ಹಕ್ಕಿಗೆ ಸರ್ಕಾರ ಕಾನೂನಿನ ನೆರವು ಕೊಡಬೇಕು.

ಹೀಗೆ ಹೆಸರಿಸಿದ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಮಾತ್ರ. ಜಮೀನು ಮಾರಲು, ಹಣ ತೆಗೆಯಲು ಅದು ನಡೆಯುವುದಿಲ್ಲ. ಆಸ್ತಿಯಂಥ ವಿಷಯಗಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಎಂಬ ದಾರಿಯಿದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿ, ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ ಎಂದು ಪೋಷಕರನ್ನು ನೇಮಿಸಬಹುದು. ನಿರ್ಧಾರವನ್ನು ಆ ವ್ಯಕ್ತಿಯೂ ಪೋಷಕರೂ ಕೂಡಿಯೇ ತೆಗೆದುಕೊಳ್ಳಬೇಕೆನ್ನುವುದು ಅದರ ಆಶಯ. ಆದರೆ ಪ್ರಜ್ಞೆಯೇ ಇಲ್ಲದೆ ಮಲಗಿದವರೊಂದಿಗೆ ಕೂಡಿ ನಿರ್ಧರಿಸುವುದು ಹೇಗೆ? ಅಂಥವರಿಗಾಗಿ ಪ್ರತ್ಯೇಕ ಕಾಯ್ದೆ ಇಲ್ಲದೆ ಹೆಂಡತಿಯರು ಹೈಕೋರ್ಟಿಗೆ ಹೋಗಬೇಕಾಗಿ ಬಂದಿದೆ. 2019ರಲ್ಲಿ ಕೇರಳ ಹೈಕೋರ್ಟು ಇಂಥ ಒಬ್ಬ ಹೆಂಡತಿಯ ಅರ್ಜಿಯ ಮೇಲೆ ಅವಳನ್ನು ಪೋಷಕಿಯಾಗಿ ಒಪ್ಪಿ, ಮುಂದಿನವರಿಗೂ ಅನ್ವಯವಾಗುವ ನಿಯಮಗಳನ್ನು ಹಾಕಿಕೊಟ್ಟಿತು. ಗಂಡನ ಆಸ್ಪತ್ರೆ ಖರ್ಚಿಗೆ ಗಂಡನ ಖಾತೆಯಿಂದಲೇ ಹಣ ತೆಗೆಯಲು ಒಬ್ಬ ಹೆಣ್ಣು ಹೈಕೋರ್ಟಿನವರೆಗೆ ಹೋಗಬೇಕು ಎನ್ನುವುದು ನಾಚಿಕೆಯ ಸಂಗತಿ. ಇದಕ್ಕೊಂದು ಸರಳ ಕಾನೂನು ಬೇಕೆಂದು ನಾವು ಒತ್ತಾಯಿಸಬೇಕು.

ಪೋಷಕತ್ವ ಬೇಕು ಎನ್ನುವಾಗಲೇ ಅದರ ಅಪಾಯವನ್ನೂ ಮರೆಯಬಾರದು. 1994ರಲ್ಲಿ ಪುಣೆಯಲ್ಲಿ, ಶಿರೂರಿನ ಸರ್ಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ವಿಕಲತೆಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದರು. ಮುಟ್ಟಿನ ಶುಚಿ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದು ನಿಂತಿತು. ಅಲ್ಲಿ ಪೋಷಕನ ಸ್ಥಾನದಲ್ಲಿದ್ದುದು ಸರ್ಕಾರವೇ. 2009ರಲ್ಲಿ ಚಂಡೀಗಢದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆ ದಾರಿ ತೋರಿಸಿತು. ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಅಲ್ಪ ಬೌದ್ಧಿಕ ವಿಕಲತೆಯ ಯುವತಿ ತನಗೆ ಮಗು ಬೇಕು ಎಂದಳು. ಅವಳ ಒಪ್ಪಿಗೆ ಇಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ಕೋರ್ಟು ಹೇಳಿತು. ಈಗ 2016ರ ಕಾಯ್ದೆಯೂ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಮಾಡಬಾರದು ಎನ್ನುತ್ತದೆ. ಕೈಹಿಡಿದು ನಡೆಸಬೇಕಾದವಳಿಗೂ ಒಂದು ಮನಸ್ಸಿದೆ. ಅದನ್ನು ಕೇಳಿ ತಿಳಿಯುವ ತಾಳ್ಮೆ ಇಲ್ಲದವರು ಪೋಷಕರಾಗಲು ಅರ್ಹರಲ್ಲ.

ಹಾಗಾದರೆ ಯಾರು ಅರ್ಹರು? ನಮ್ಮ ಉತ್ತರ ಕನ್ನಡದ ಹಳದೀಪುರದಿಂದ ನರ್ಸ್ ಆಗಲು ಮುಂಬೈಗೆ ಹೋದ ಅರುಣಾ ಶಾನಭಾಗ್ ಅವರನ್ನು ನೆನೆಯೋಣ. 1973ರ ನವೆಂಬರ್‌ನಲ್ಲಿ ಕೆಇಎಂ ಆಸ್ಪತ್ರೆಯಲ್ಲೇ ವಾರ್ಡ್ ಬಾಯ್ ಒಬ್ಬ ಅವರ ಮೇಲೆ ಎರಗಿ ನಾಯಿಯ ಸರಪಳಿಯಿಂದ ಕತ್ತು ಬಿಗಿದ. ಅವರು ಮತ್ತೆ ಏಳಲಿಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಆ ಆಸ್ಪತ್ರೆಯ ನರ್ಸುಗಳು, ಒಂದು ತಲೆಮಾರು ನಿವೃತ್ತಿಯಾದರೆ ಇನ್ನೊಂದು ತಲೆಮಾರು ಬಂದು, ಅವರನ್ನು ನೋಡಿಕೊಂಡರು. ಅವರ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಬಂದಾಗ, 2011ರಲ್ಲಿ ಸುಪ್ರೀಂ ಕೋರ್ಟು ಅದು ಆ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ಹಗಲೂ ರಾತ್ರಿ ಆರೈಕೆ ಮಾಡಿದವರೇ ಆಪ್ತರು ಎಂದಾಯಿತು. ನಮ್ಮ ಹೋರಾಟಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ? ಆರೈಕೆ ಮಾಡುವವಳ ಮಾತಿಗೆ ಕಾಗದದ ಮೇಲೂ ಬೆಲೆ ಇರಲಿ ಎಂದೇ ನಾವು ಕೇಳುತ್ತಿರುವುದು.

ಸಂಘಗಳು ಏನು ಮಾಡಬಹುದು? ನಿಮ್ಮ ಊರಿನಲ್ಲಿ ಇಂಥ ವಯಸ್ಕರು ಇರುವ ಮನೆಗಳೆಷ್ಟು ಎಂದು ಪಟ್ಟಿ ಮಾಡಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಸಭೆಗೆ ಕರೆಸಿ, ವಿಕಲತೆಯ ಗುರುತಿನ ಚೀಟಿ ಆಗಿದೆಯೇ ನೋಡಿ. ಪೋಷಕತ್ವದ ಅರ್ಜಿ ತುಂಬಲು ಬಾರದ ತಾಯಿಯ ಜೊತೆ ಇಬ್ಬರು ಜಿಲ್ಲಾ ಕಚೇರಿಗೆ ಹೋಗಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಅಂಗವಿಕಲರಿಗೂ ವಕೀಲರ ನೆರವು ಉಚಿತ. ಕೂಡಿಹಾಕಿದ್ದು, ಸರಪಳಿ ಕಟ್ಟಿದ್ದು, ಹೊಡೆದದ್ದು ಕಂಡರೆ 181ಕ್ಕೆ ಫೋನು ಮಾಡಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಇದೆ. ಹೆಣ್ಣುಮಗಳೊಬ್ಬಳ ಪಾಲಿನ ಆಸ್ತಿಗೆ ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೆ ಅಡ್ಡ ನಿಲ್ಲಿ.

ಇದೆಲ್ಲವೂ ಒಂದೇ ವಾರದಲ್ಲಿ ಆಗುವ ಕೆಲಸವಲ್ಲ. ಮುಂದಿನ ಸಭೆಯಲ್ಲಿ ಸಾಲದ ವಿಷಯ ಮುಗಿದ ಮೇಲೆ ಇದಕ್ಕೂ ಅರ್ಧ ಗಂಟೆ ಇಡಿ, ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ಜಿಲ್ಲೆಯ ಸಮಿತಿ ಅರ್ಜಿ ತೆಗೆದುಕೊಂಡಿತೇ, ಎಷ್ಟು ತಿಂಗಳು ಅಲೆಸಿತು, ಏನು ಹೇಳಿ ವಾಪಸು ಕಳಿಸಿತು ಎಂಬುದನ್ನು ನಮಗೆ ಬರೆದು ತಿಳಿಸಿ. ನಿಮ್ಮ ಪತ್ರಗಳನ್ನು ಒಟ್ಟುಮಾಡಿ ಅಧಿಕಾರಿಗಳ ಮುಂದಿಡುವ ಕೆಲಸ ನಮ್ಮದು.