ಕೆಗ್ ಬರಲಿ, ಯೀಸ್ಟ್ ಬೇಡ



ಬೇಸಿಗೆ ಶಿಬಿರದ ಸಮಾರೋಪಕ್ಕೆ ಈ ಸಲ ಕೋಲಾ ತರಿಸುವುದು ಬೇಡ, ನಮ್ಮದೇ ಪುನರ್ಪುಳಿ ಮತ್ತು ಗೇರುಹಣ್ಣಿನ ಜ್ಯೂಸಿಗೆ ಗ್ಯಾಸ್ ತುಂಬಿಸಿ ಕೊಡೋಣ ಎಂದಾಗ ಎಲ್ಲರೂ ಒಪ್ಪಿದ್ದರು. ಆದರೆ ಗೆಳೆಯನೊಬ್ಬನಿಂದ ಎರವಲು ತಂದ 19 ಲೀಟರಿನ ಸ್ಟೀಲ್ ಕೆಗ್ ಹಾಲ್‌ನೊಳಗೆ ಬಂದದ್ದೇ ತಡ, ನಮ್ಮ ಗುರಿಕಾರರೊಬ್ಬರು ಕೇಳಿದರು: "ಇದು ಬಿಯರ್ ಮಾಡುವ ಸಾಮಾನಲ್ಲವಾ ಮಾರಾಯಾ? ಇಗರ್ಜಿ ಕಂಪೌಂಡಿನೊಳಗೆ?"

ನಿಜ ಹೇಳಬೇಕೆಂದರೆ, ಈ ಕೆಗ್ ಹುಟ್ಟಿದ್ದೇ ತಂಪು ಪಾನೀಯದ ಕಂಪೆನಿಗಳಿಗಾಗಿ. ಮನೆಯಲ್ಲಿ ಬಿಯರ್ ಮಾಡುವವರು ಅದನ್ನು ಆಮೇಲೆ ತಮ್ಮದಾಗಿಸಿಕೊಂಡರು. ಸೋಡಾದ ಕಥೆಯಲ್ಲಿಯೂ ಬಿಯರ್ ಇದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಕ್ಕದ ಬಿಯರ್ ಕಾರ್ಖಾನೆಯ ತೊಟ್ಟಿಯಿಂದ ಏಳುವ ಗಾಳಿಯನ್ನು ನೀರಿಗೆ ಹಿಡಿಸಿ ಕುಡಿದು ನೋಡಿದ. ಅವನು ಸಭೆಯೊಂದರ ಬೋಧಕ!

ಆದ್ದರಿಂದ ಪಾತ್ರೆಯ ಬಗ್ಗೆ ನನಗೆ ಸಂಕೋಚವಿಲ್ಲ. ನನ್ನ ತಕರಾರು ಯೀಸ್ಟ್ ಬಗ್ಗೆ.

ಜ್ಯೂಸಿಗೆ ಚಿಟಿಕೆ ಯೀಸ್ಟ್ ಹಾಕಿ ಬಾಟ್ಲಿ ಮುಚ್ಚಿಟ್ಟರೆ ಸಿಲಿಂಡರಿನ ಖರ್ಚಿಲ್ಲ ಎಂದು ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಲೆಕ್ಕ ಮಾಡಿ ನೋಡಿ. ಯೀಸ್ಟ್ ಸಕ್ಕರೆ ತಿಂದು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೊಡುವಾಗ ಜೊತೆಗೆ 46 ಗ್ರಾಂ ಆಲ್ಕೋಹಾಲನ್ನೂ ಕೊಡುತ್ತದೆ. ಲೀಟರಿಗೆ 6 ಗ್ರಾಂ ಗ್ಯಾಸ್ ಬೇಕೆಂದರೆ ಸುಮಾರು ಶೇ. 0.8 ಆಲ್ಕೋಹಾಲ್ ಬಂದೇ ಬರುತ್ತದೆ. ಅದು ಫ್ರಿಜ್ಜಿನಲ್ಲಿ ಇಟ್ಟರೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊರಗೆ ಬಿಟ್ಟರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಗಾಜಿನ ಬಾಟ್ಲಿ ಒಡೆದು ಚೂರಾಗಬಹುದು. ನಾನು ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಮಾಡಿ ನೋಡಿದ್ದಕ್ಕೆ ನಮ್ಮ ಅಡುಗೆಮನೆಯ ಮಾಡಿನಲ್ಲಿ ಇವತ್ತಿಗೂ ಪುನರ್ಪುಳಿಯ ಕಲೆ ಇದೆ. ಅಮ್ಮ ಮರೆತಿಲ್ಲ.

ಕಾನೂನಿನ ಮಾತೂ ಇದೆ. 2019ರ ಕ್ರಿಸ್ಮಸ್‌ಗೆ ಮೊದಲು ಕೇರಳದ ಅಬಕಾರಿ ಇಲಾಖೆ, ಮನೆಯಲ್ಲಿ ವೈನ್ ಮಾಡುವುದು ಅಪರಾಧ ಎಂದು ಎಚ್ಚರಿಸಿದ್ದು ನೆನಪಿರಬಹುದು. ಆದರೆ ನನ್ನನ್ನು ತಡೆದದ್ದು ಅದಲ್ಲ. ಕಳೆದ ವರ್ಷ ಕುಡಿತ ಬಿಟ್ಟ ನಮ್ಮ ವಾಳೆಯ ಒಬ್ಬ ಅಂಕಲ್, ಕೆಗ್ ನೋಡಿ ನನ್ನನ್ನು ಬದಿಗೆ ಕರೆದು ಮೆಲ್ಲನೆ ಕೇಳಿದರು, "ಇದರಲ್ಲಿ ಏನೂ ಇಲ್ಲ ಅಲ್ಲವಾ ಮಗಾ? ನಾನು ಕುಡಿಯಬಹುದಾ?" ಶೇ. 0.8 ಮಾತ್ರ ಅಂಕಲ್ ಎಂದು ಅವರಿಗೆ ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?

ಅಂಗಡಿಯ ಸೋಡಾಕ್ಕೆ ಸಿರಪ್ ಬೆರೆಸಿದರೆ ಸಾಲದೇ ಎನ್ನುವವರೂ ಇದ್ದಾರೆ. ಸಾಲುತ್ತದೆ, ಆದರೆ ಹಣ್ಣಿನ ರುಚಿ ನೀರಾಗುತ್ತದೆ. ಸಿಲಿಂಡರಿನ ದಾರಿಯೇ ಮೇಲು. ಗೇರುಹಣ್ಣಿನ ರಸಕ್ಕೆ ಲೀಟರಿಗೆ 5 ಗ್ರಾಂ ಸಾಬಕ್ಕಿ ಬೇಯಿಸಿ ಹಾಕಿ ತಣ್ಣಗಿಟ್ಟರೆ, ಗಂಟಲು ಹಿಡಿಯುವ ಒಗರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು, ಬಿಸಿ ಮಾಡಿ ಆರಿಸಬೇಕು. ಹಣ್ಣಿನ ಸಿಪ್ಪೆಯಲ್ಲೇ ಯೀಸ್ಟ್ ಇರುವುದರಿಂದ ಬಿಸಿ ಮಾಡುವುದನ್ನು ತಪ್ಪಿಸುವ ಹಾಗಿಲ್ಲ. ಆಮೇಲೆ ಕೆಗ್ಗಿಗೆ ಹಾಕಿ, ಐಸ್ ತುಂಬಿದ ಡ್ರಮ್ಮಿನಲ್ಲಿಟ್ಟು, ಸುಮಾರು 30 ಪಿಎಸ್‌ಐ ಒತ್ತಡದಲ್ಲಿ ಒಂದು ದಿನ ಬಿಟ್ಟರಾಯಿತು. ತಣ್ಣಗಿದ್ದಷ್ಟೂ ಗ್ಯಾಸ್ ಚೆನ್ನಾಗಿ ಕರಗುತ್ತದೆ. ಸಿಲಿಂಡರ್ ಮಾತ್ರ ಆಹಾರಕ್ಕೆಂದೇ ತುಂಬಿಸಿದ್ದಾಗಬೇಕು, ರೆಗ್ಯುಲೇಟರ್ ಇಲ್ಲದೆ ಯಾರೂ ಅದನ್ನು ಮುಟ್ಟಬಾರದು.

ಬರುವ ಭಾನುವಾರ ಪೂಜೆಯ ನಂತರ ಹಾಲ್‌ನಲ್ಲಿ ಸೇರೋಣ. ತೋಟದಲ್ಲಿ ಪುನರ್ಪುಳಿ ಇರುವವರು ತನ್ನಿ. ಮೊದಲ ಗ್ಲಾಸ್ ಆ ಅಂಕಲ್‌ಗೆ, ಎರಡನೆಯದು ಗುರಿಕಾರರಿಗೆ.